ಕತ್ತಲೆ ಕೋಣೆಯೊಳಗೆ ನಮ್ಮೂರ ಕೆರೆ



ಬೆಳಕಿನ ಪಾಠದಲ್ಲಿ ಸೂಜಿರಂಧ್ರ ಕ್ಯಾಮೆರಾ ಬಗ್ಗೆ ಓದಿದ್ದೇವೆ. ಅದು ಸಣ್ಣ ರಟ್ಟಿನ ಡಬ್ಬಿ. ಇಡೀ ಕೊಠಡಿಯನ್ನೇ ಕ್ಯಾಮೆರಾ ಮಾಡಿದರೆ ನಾವೇ ಅದರೊಳಗೆ ಕೂರಬಹುದಲ್ಲವೇ? ಮಾಡಿ ನೋಡಿದೆವು.

ಬೇಕಾದ ಸಾಮಾನು: ತರೀಕೆರೆಯಿಂದ ತಂದ ಕಪ್ಪು ಕಾಗದ, ಗೋಣಿಚೀಲ, ಅಂಟು, ಬಿಳಿ ಪಂಚೆ.

ಮಾಡುವ ವಿಧಾನ: ನಮ್ಮ ತರಗತಿಯ ಕಿಟಕಿ ಪಶ್ಚಿಮಕ್ಕಿದೆ. ಎದುರಿಗೆ ಕೆರೆ, ಏರಿ, ತೆಂಗಿನ ತೋಟ. ಬೆಳಿಗ್ಗೆ ಹತ್ತು ಗಂಟೆಗೆ ಅವುಗಳ ಮೇಲೆ ಚೆನ್ನಾಗಿ ಬಿಸಿಲು ಬೀಳುತ್ತದೆ. ಕಿಟಕಿ, ಬಾಗಿಲ ಸಂದು ಎಲ್ಲಾ ಮುಚ್ಚಿದೆವು. ಕಾಗದದಲ್ಲಿ ಮೊದಲು ನಿಂಬೆಹಣ್ಣಿನ ಗಾತ್ರದ ತೂತು ಮಾಡಿದೆವು. ಬರೀ ಬೆಳಕು ಬಂತು, ಚಿತ್ರ ಬರಲಿಲ್ಲ. ಆಮೇಲೆ ಬೇರೆ ಕಾಗದ ಅಂಟಿಸಿ ಕಡಲೆಕಾಳಿನಷ್ಟು ತೂತು ಮಾಡಿದೆವು. ಐದು ನಿಮಿಷ ಕಣ್ಣು ಕತ್ತಲೆಗೆ ಹೊಂದಿದ ಮೇಲೆ ಪಂಚೆ ಮೇಲೆ ಕೆರೆ ಬಣ್ಣ ಸಮೇತ ಕಂಡಿತು, ತಲೆಕೆಳಗಾಗಿ! ಏರಿ ಮೇಲಿನ ದನಗಳು ಕಾಲು ಮೇಲೆ ಮಾಡಿಕೊಂಡು ನಡೆದವು.

ಕಾರಣ: ಬೆಳಕು ಸರಳರೇಖೆಯಲ್ಲಿ ಚಲಿಸುತ್ತದೆ. ಮರದ ತುದಿಯಿಂದ ಬಂದ ಕಿರಣ ತೂತಿನ ಮೂಲಕ ಕೆಳಕ್ಕೂ, ಬುಡದಿಂದ ಬಂದದ್ದು ಮೇಲಕ್ಕೂ ಹೋಗುತ್ತದೆ. ಎಡ ಬಲವೂ ಅದಲುಬದಲು.

ನೋಡುವವರನ್ನು ಚಿತ್ರದೊಳಗೇ ನಿಲ್ಲಿಸುವ ಆಸೆ ಹಳೆಯದು. 1799ರಲ್ಲಿ ನಡೆದ ಶ್ರೀರಂಗಪಟ್ಟಣದ ಯುದ್ಧವನ್ನು ರಾಬರ್ಟ್ ಕೆರ್ ಪೋರ್ಟರ್ ಎಂಬುವರು 1800ರಲ್ಲಿ ಸುಮಾರು 120 ಅಡಿ ಉದ್ದದ ಅರ್ಧವೃತ್ತದ ಚಿತ್ರವಾಗಿ ಬರೆದು ಲಂಡನ್ನಿನಲ್ಲಿ ತೋರಿಸಿದರು. ಪ್ಯಾರಿಸ್ಸಿನಲ್ಲಿ 1822ರಲ್ಲಿ ದಾಗೆರ್ ಎಂಬುವರು ಕತ್ತಲೆ ಸಭಾಂಗಣದಲ್ಲಿ ದೊಡ್ಡ ದೊಡ್ಡ ಚಿತ್ರಗಳ ಮೇಲೆ ಬೆಳಕು ಬದಲಿಸಿ ತೋರಿಸುತ್ತಿದ್ದರು. ಕತ್ತಲೆ ಪೆಟ್ಟಿಗೆಯ ಬಿಂಬವನ್ನು ಅಳಿಯದಂತೆ ಹಿಡಿಯುವ ಅವರ ವಿಧಾನ 1839ರಲ್ಲಿ ಪ್ರಕಟವಾಯಿತು. ಹೀಗೆ ಫೋಟೋ ಬಂತು.

ಮೇಷ್ಟ್ರು ಊರಿನವರನ್ನೂ ಕರೆಯಿರಿ ಅಂದರು. ನಮ್ಮಜ್ಜಿ ಕಡೂರಿನ ಕಡೆಯಿಂದ ಈ ಊರಿಗೆ ಮದುವೆಯಾಗಿ ಬಂದವರು. ಈಗ ಕಾಲು ನೋವು, ಕೆರೆ ಕಡೆಗೆ ಹೋಗಿ ಮೂರು ವರ್ಷವಾಯಿತು. ಅಪ್ಪ ಗಾಡಿಯಲ್ಲಿ ಕರೆತಂದರು. ನೋಡಿ, "ಏನ್ಲಾ ಇದು, ಕೆರೆ ಮಗುಚಿದೆ, ನೀರು ಚೆಲ್ಲಲ್ವಾ?" ಅಂದರು. ಎಲ್ಲರೂ ನಕ್ಕೆವು. ಆಮೇಲೆ, "ಏರಿ ತುದೀಲಿ ಆಲದ ಮರ ಇತ್ತಲ್ಲ, ಎಲ್ಲಿ?" ಅಂತ ಕೇಳಿದರು. ಅದನ್ನು ಕಡಿದಿದ್ದು ಅವರಿಗೆ ಯಾರೂ ಹೇಳಿರಲಿಲ್ಲ. "ಕಡಿದ್ರು ಅಜ್ಜಿ" ಅಂದೆ. ಅಜ್ಜಿ ಮತ್ತೆ ಮಾತಾಡಲಿಲ್ಲ.

ಕಿಟಕಿ ತೆರೆದರೆ ನಮ್ಮ ಚಿತ್ರ ಮಾಯ. ಆ ಮರದ ಒಂದು ಫೋಟೋನೂ ಊರಲ್ಲಿ ಯಾರ ಹತ್ತಿರವೂ ಸಿಗಲಿಲ್ಲ. ಅದಕ್ಕೇ ನಾವು ಕೆರೆಯನ್ನು ನಾಲ್ಕು ದಿಕ್ಕಿನಿಂದ ಫೋಟೋ ತೆಗೆಸಿ, ಇದೇ ಕೊಠಡಿಯ ನಾಲ್ಕು ಗೋಡೆಗೆ ಹಾಕಬೇಕು ಅಂತಿದ್ದೇವೆ. ನಿಮ್ಮ ಮನೆಯಲ್ಲಿ ಹಳೇ ಫೋಟೋ ಇದ್ದರೆ ದಯವಿಟ್ಟು ತನ್ನಿ.

ಎಚ್ಚರಿಕೆ: ತೂತಿನಿಂದ ಸೂರ್ಯನನ್ನು ಎಂದೂ ನೋಡಬೇಡಿ.

– 7ನೇ ತರಗತಿ ವಿದ್ಯಾರ್ಥಿ