ಗಂಟಿಲ್ಲದ ದಾರ: ಕಸೂತಿಯ ಮೊದಲ ಪಾಠ

ಹಾನಗಲ್, ಶಿಗ್ಗಾಂವ, ಸವಣೂರು, ಹಿರೇಕೆರೂರು 1997ರವರೆಗೆ ಧಾರವಾಡ ಜಿಲ್ಲೆಯಲ್ಲೇ ಇದ್ದವು. ಹಂಗಾಗಿ ಧಾರವಾಡದ ಕಸೂತಿ ನಮ್ಮದೂ ಹೌದು. ಇಳಕಲ್ ಸೀರೆ ಮೇಲಿನ ತೇರು, ಗೋಪುರ ನೋಡೇ ಇರ್ತೀವಿ. ಈಗ ಹಾಕೋದು ಕಲಿಯೋಣ.

ಹೊಲಿಗೆ ನಾಲ್ಕು: ಗಾವಂತಿ, ಮುರ್ಗಿ, ನೇಯ್ಗೆ, ಮೆಂತ್ಯೆ. ಶುರು ಗಾವಂತಿಯಿಂದ. ಎಳೆ ಎಣಿಸೋಕೆ ಬರುವ ಮ್ಯಾಟಿ ಬಟ್ಟೆ, ಸೂಜಿ, ದಾರ ಸಾಕು. ಪೆನ್ಸಿಲ್ ಗೆರೆ ಇಲ್ಲ, ಗಂಟೂ ಇಲ್ಲ. ನಾಲ್ಕು ಎಳೆ ಮೇಲೆ, ನಾಲ್ಕು ಎಳೆ ಕೆಳಗೆ ಅಂತ ಹೋಗಿ, ಅದೇ ದಾರಿಯಲ್ಲಿ ವಾಪಸ್ ಬರುತ್ತಾ ಬಿಟ್ಟ ಜಾಗ ತುಂಬಬೇಕು. ಬಟ್ಟೆಯ ಎರಡೂ ಬದಿ ಒಂದೇ ಥರ ಕಾಣುತ್ತೆ.

ಕವಲು ಬಂದರೆ? ತುದಿವರೆಗೆ ಹೋಗಿ, ತಿರುಗಿ ಬಂದು, ಮುಂದಿನ ಕವಲು ಹಿಡಿಯಿರಿ. ಹೌದು, ಡೇಟಾ ಸ್ಟ್ರಕ್ಚರ್ಸ್ ಕ್ಲಾಸಿನ ಡಿಎಫ್‌ಎಸ್ಸೇ!

ಇದು ಯಾಕೆ ತಪ್ಪಲ್ಲ? ಅಡ್ಡ-ಉದ್ದ ಗೆರೆಗಳ ಚಿತ್ರದಲ್ಲಿ ಸೂಜಿ ಚುಚ್ಚುವ ಚುಕ್ಕಿಗಳಿಗೆ ಚೆಸ್ ಬೋರ್ಡಿನಂತೆ ಕಪ್ಪು-ಬಿಳಿ ಬಣ್ಣ ಕೊಡಿ. ಕಪ್ಪಿನಿಂದ ಬಿಳಿಗೆ ಹೋಗುವಾಗ ದಾರ ಮೇಲೆ, ಬಿಳಿಯಿಂದ ಕಪ್ಪಿಗೆ ಬರುವಾಗ ಕೆಳಗೆ. ಪ್ರತಿ ಗೆರೆಯನ್ನೂ ಹೋಗ್ತಾ ಒಮ್ಮೆ, ಬರ್ತಾ ಒಮ್ಮೆ ದಾಟುವುದರಿಂದ ಎರಡೂ ಬದಿ ತುಂಬುತ್ತೆ. ದಾರ ಹೊರಟಲ್ಲಿಗೇ ಬರುತ್ತೆ.

ಮೊದಲು ಪ್ಲಸ್ ಗುರುತು, ಆಮೇಲೆ ಚೌಕ ಹಾಕಿ. ನಂತರ ಊರಲ್ಲಿ ಕಸೂತಿ ಬಲ್ಲ ಅಜ್ಜಿ ಇದ್ದರೆ ಹತ್ತಿರ ಕೂತು ನೋಡಿ. ಚಿತ್ರ ಪುಸ್ತಕದಲ್ಲೂ ಸಿಗುತ್ತೆ. ಯಾವ ಕವಲು ಮೊದಲು ಅನ್ನೋದು ಅವರ ಕೈಯಲ್ಲಿದೆ. ಕಲಿಯೋರಿಲ್ಲದಿದ್ದರೆ ಅದು ಅಲ್ಲೇ ನಿಲ್ಲುತ್ತೆ.