ಗಾಜಿನ ಒಲೆಯ ಮೇಲೆ ಹಣ್ಣಿನ ಸಂರಕ್ಷಣೆ: ಮರ್ಯಾದೆಯ ವಿಚಾರ

ಶ್ರಾವಕರ ಆಹಾರವಿಚಾರದಲ್ಲಿ ದ್ರವ್ಯಶುದ್ಧಿಯಷ್ಟೇ ಮುಖ್ಯವಾದುದು ಕಾಲಶುದ್ಧಿ. ಪದಾರ್ಥವು ಯಾವುದು ಎಂಬುದರೊಡನೆ ಅದು ಎಷ್ಟು ಹೊತ್ತಿನದು ಎಂಬುದನ್ನೂ ಕೇಳುವುದು ನಮ್ಮ ಮನೆಗಳ ರೂಢಿ. ಸೋಸಿದ ನೀರಿಗೆ 48 ನಿಮಿಷ. ಚೆನ್ನಾಗಿ ಕುದಿಸಿದ ನೀರಿಗೆ 24 ಗಂಟೆ. ಹಿಟ್ಟಿಗೆ ಚಳಿಗಾಲದಲ್ಲಿ 7, ಬೇಸಿಗೆಯಲ್ಲಿ 5, ಮಳೆಗಾಲದಲ್ಲಿ 3 ದಿನ ಎಂಬ ಮರ್ಯಾದೆಗಳು ಹಿರಿಯರಿಂದ ಬಂದಿವೆ. ಬಹುಕಾಲ ಇಟ್ಟ ಉಪ್ಪಿನಕಾಯಿಯನ್ನು ಇಪ್ಪತ್ತೆರಡು ಅಭಕ್ಷ್ಯಗಳಲ್ಲಿ ಎಣಿಸಲಾಗಿದೆ. ಹೀಗಿರಲು, ಹಣ್ಣನ್ನು ಬಾಟಲಿಯಲ್ಲಿ ತುಂಬಿ, ಕುದಿನೀರಿನಲ್ಲಿ ಮುಳುಗಿಸಿ, ತಿಂಗಳುಗಟ್ಟಲೆ ಇಡುವ ಪದ್ಧತಿಯನ್ನು ಹೇಗೆ ಕಾಣಬೇಕು?

ಬಂಗಾರಪೇಟೆ ಮತ್ತು ಕೋಲಾರ ಚಿನ್ನದ ಗಣಿ ಪ್ರದೇಶದ ಮನೆಗಳಲ್ಲಿ ಈ ಪ್ರಶ್ನೆ ಏಳುವುದು ಸಹಜ. ಕೋಲಾರದ ಟೊಮೆಟೊ ಮಾರುಕಟ್ಟೆ ದೇಶದ ದೊಡ್ಡ ಮಾರುಕಟ್ಟೆಗಳಲ್ಲೊಂದು. ಶ್ರೀನಿವಾಸಪುರವು ಮಾವಿಗೆ ಹೆಸರಾದುದು. ಬೆಲೆ ಕುಸಿದಾಗ ಹಣ್ಣು ಬೀದಿಯಲ್ಲಿ ಕೊಳೆಯುವುದನ್ನು ಕಂಡ ಗೃಹಿಣಿಗೆ, ಅದನ್ನು ಉಳಿಸಬಾರದೇ ಎಂಬ ಭಾವನೆ ಬರುವುದು ದೋಷವಲ್ಲ. ಆದರೆ ವಿಧಾನವನ್ನು ಅರಿಯದೆ ಕೈಹಾಕಿದರೆ ಅದರಿಂದ ಪ್ರಾಣಹಾನಿಯೂ ಆದೀತು.

ತತ್ತ್ವ

ಫ್ರಾನ್ಸಿನ ನಿಕೊಲಾ ಅಪೇರ್ ಎಂಬಾತನು 1810ರಲ್ಲಿ ಈ ಕ್ರಮವನ್ನು ಪುಸ್ತಕರೂಪದಲ್ಲಿ ಪ್ರಕಟಿಸಿದನು. ಅದರ ಕಾರಣವನ್ನು ಸುಮಾರು ಅರ್ಧ ಶತಮಾನದ ಬಳಿಕ ಲೂಯಿ ಪಾಶ್ಚರ್ ವಿವರಿಸಿದನು. ಶಾಖದಿಂದ ಪದಾರ್ಥವನ್ನು ಕೆಡಿಸುವ ಸೂಕ್ಷ್ಮಜೀವಿಗಳು ನಾಶವಾಗುತ್ತವೆ. ಬಾಟಲಿಯೊಳಗಿನ ಗಾಳಿ ಹೊರಹೋಗುತ್ತದೆ. ತಣಿಯುವಾಗ ಮುಚ್ಚಳವು ಒಳಕ್ಕೆ ಸೆಳೆದು ಬಿಗಿಯಾಗುತ್ತದೆ.

ಆದರೂ ಕ್ಲಾಸ್ಟ್ರಿಡಿಯಂ ಬಾಟುಲಿನಂ ಎಂಬ ಜೀವಾಣುವಿನ ಬೀಜಕಣಗಳು ಕುದಿನೀರಿಗೆ ಸಾಯುವುದಿಲ್ಲ. ಗಾಳಿಯಿಲ್ಲದ ಬಾಟಲಿಯಲ್ಲಿಯೇ ಅವು ಬೆಳೆದು ಮಾರಕ ವಿಷವನ್ನುಂಟುಮಾಡುತ್ತವೆ. ಅದು ಬಣ್ಣದಿಂದಲೂ ವಾಸನೆಯಿಂದಲೂ ತಿಳಿಯದೆ ಇರಬಹುದು. ಪದಾರ್ಥದ ಹುಳಿ ಸಾಕಷ್ಟಿದ್ದರೆ, ಎಂದರೆ ಪಿ.ಎಚ್. ಅಳತೆ 4.6ಕ್ಕಿಂತ ಮೇಲಿಲ್ಲದಿದ್ದರೆ, ಅವು ಮೊಳೆಯಲಾರವು. ಆದುದರಿಂದ ಕುದಿನೀರಿನ ಪದ್ಧತಿ ಹುಳಿ ಹಣ್ಣುಗಳಿಗೆ ಮಾತ್ರ. ಕಾಳು, ಹುರುಳಿಕಾಯಿ, ಪಲ್ಯ, ಸಾರು ಇವುಗಳನ್ನು ಹೀಗೆ ಎಂದಿಗೂ ಇಡಕೂಡದು. ಅವುಗಳಿಗೆ ಒತ್ತಡದಲ್ಲಿ 116ರಿಂದ 121 ಡಿಗ್ರಿ ಸೆಲ್ಸಿಯಸ್ ಶಾಖವೂ ಪರೀಕ್ಷಿತ ಕಾಲಮಾನವೂ ಬೇಕು; ಮನೆಯ ಅನ್ನದ ಕುಕ್ಕರ್ ಅದಕ್ಕೆ ಬದಲಲ್ಲ.

ಒಲೆ ಮತ್ತು ಪಾತ್ರೆ

ಗಾಜಿನ ಒಲೆಗಳಲ್ಲಿ ಎರಡು ಬಗೆ. ಗಾಜಿನ ಹೊದಿಕೆಯ ಗ್ಯಾಸ್ ಒಲೆಯಲ್ಲಿ ಗಾಜು ಕಾಯಬೇಕಾದುದಲ್ಲ. ಬರ್ನರಿಗಿಂತ ಬಹಳ ಅಗಲವಾದ ಪಾತ್ರೆಯನ್ನಿಟ್ಟರೆ ಶಾಖವು ಕೆಳಕ್ಕೆ ತಿರುಗಿ ಗಾಜು ಸಿಡಿಯಬಹುದು. ಕಾದ ಗಾಜಿನ ಮೇಲೆ ತಣ್ಣೀರು ಬಿದ್ದರೂ ಅಪಾಯ. ವಿದ್ಯುತ್ತಿನ ಒಲೆಯಲ್ಲಿ ಗಾಜಿನ ಹಾಸೇ ಕಾಯುತ್ತದೆ. ಅದಕ್ಕೆ ತಳ ಸಮತಟ್ಟಾದ, ಉರಿಯ ವೃತ್ತಕ್ಕಿಂತ ಒಂದು ಇಂಚಿಗೆ ಮೀರಿ ಹೊರಚಾಚದ ಪಾತ್ರೆ ಬೇಕು. ಅತಿಯಾಗಿ ಕಾದಾಗ ಕೆಲವು ಒಲೆಗಳು ತಾವಾಗಿಯೇ ಶಾಖವನ್ನು ತಡೆಯುವುದರಿಂದ ಕುದಿತ ನಿಲ್ಲುವುದುಂಟು. ಮೊದಲು ಬರಿಯ ನೀರನ್ನಿಟ್ಟು, ಕುದಿತ ಎಡೆಬಿಡದೆ ನಿಲ್ಲುವುದೇ ಎಂದು ಪರೀಕ್ಷಿಸಬೇಕು. ಹತ್ತು ಲೀಟರ್ ನೀರೇ ಹತ್ತು ಕಿಲೋ ತೂಗುವುದು; ಒಲೆಯು ಎಷ್ಟು ಭಾರ ತಾಳುವುದೆಂದು ಅದರ ಕೈಪಿಡಿಯಲ್ಲಿ ನೋಡಬೇಕು. ತುಂಬಿದ ಪಾತ್ರೆಯನ್ನು ಗಾಜಿನ ಮೇಲೆ ಎಳೆಯಬಾರದು.

ವಿಧಾನ

ಟೊಮೆಟೊವನ್ನು ಬಹುಬೀಜವೆಂದು ತ್ಯಜಿಸಿದವರು ಇದನ್ನು ಬಿಡತಕ್ಕದ್ದು. ಉಳಿದವರಿಗೆ ಇದು ಉದಾಹರಣೆ. ಹಣ್ಣುಗಳನ್ನು ಒಂದೊಂದಾಗಿ ಕೊಯ್ದು ನೋಡಿ, ಹುಳುವಿಲ್ಲದವನ್ನು ಆರಿಸಿ, ಸಿಪ್ಪೆ ತೆಗೆದು ಹಿಸುಕಿ, 5 ನಿಮಿಷ ಕುದಿಸಬೇಕು. ಸುಮಾರು 450 ಮಿಲಿಲೀಟರ್ ಹಿಡಿಯುವ ಬಿಸಿ ಬಾಟಲಿಗೆ ಕಾಲು ಚಹಾಚಮಚ ಸಿಟ್ರಿಕ್ ಆಮ್ಲವನ್ನು ಹಾಕಿ, ಮೇಲೆ ಅರ್ಧ ಇಂಚು ಜಾಗ ಬಿಟ್ಟು ತುಂಬಿ, ಅಂಚನ್ನು ಒರೆಸಿ, ಹೊಸ ಲೋಹದ ಮುಚ್ಚಳ ಹಾಕಬೇಕು. ಪಾತ್ರೆಯ ತಳದಲ್ಲಿ ಜಾಲರಿಯಿರಲಿ. ಸೋಸಿದ ನೀರು ಮುಚ್ಚಳಗಳ ಮೇಲೆ ಒಂದು ಇಂಚು ನಿಲ್ಲಲಿ.

ಈ ಪ್ರದೇಶವು ಸಮುದ್ರಮಟ್ಟಕ್ಕಿಂತ ಸುಮಾರು 850 ಮೀಟರ್, ಅಂದರೆ 2,800 ಅಡಿ ಎತ್ತರದಲ್ಲಿದೆ. ಇಲ್ಲಿ ನೀರು 97 ಡಿಗ್ರಿಯ ಆಸುಪಾಸಿನಲ್ಲಿಯೇ ಕುದಿಯುತ್ತದೆ. ಆದುದರಿಂದ ಸಮುದ್ರಮಟ್ಟದಲ್ಲಿ 35 ನಿಮಿಷ ಸಾಕಾದುದಕ್ಕೆ ಇಲ್ಲಿ 40 ನಿಮಿಷ ಬೇಕು. ಲೆಕ್ಕವು ಪೂರ್ಣ ಕುದಿತದಿಂದ ಆರಂಭ. ನಡುವೆ ವಿದ್ಯುತ್ತು ಹೋಗಿ ಕುದಿತ ನಿಂತರೆ, ಮತ್ತೆ ಕುದಿ ಬಂದ ಮೇಲೆ ಮೊದಲಿನಿಂದ ಎಣಿಸಬೇಕು. ಕೆಲಸವನ್ನು ಬೆಳಿಗ್ಗೆಯೇ ಆರಂಭಿಸಿ ಹಗಲಿನಲ್ಲಿಯೇ ಮುಗಿಸುವುದು ಯುಕ್ತ. ಬಾಟಲಿಗಳನ್ನು 12ರಿಂದ 24 ಗಂಟೆ ಅಲುಗಿಸದೆ ತಣಿಸಿ, ಮುಚ್ಚಳವನ್ನು ಒತ್ತಿ ನೋಡಬೇಕು. ಅದು ಪುಟಿದೆದ್ದರೆ ಬಿಗಿಯಾಗಿಲ್ಲವೆಂದೇ ಅರ್ಥ. ಮುಂದೆ ಉಬ್ಬಿದ ಅಥವಾ ಸೋರುವ ಬಾಟಲಿಯನ್ನು ರುಚಿ ನೋಡದೆಯೇ ತ್ಯಜಿಸಬೇಕು.

ಮರ್ಯಾದೆಯ ನಿರ್ಣಯ

ಬಾಟಲಿಯೊಳಗೆ ಜೀವಾಣುವಿಲ್ಲವಾದ ಮೇಲೆ ಕಾಲಮರ್ಯಾದೆ ಏತಕ್ಕೆ ಎಂದು ಕೆಲವರು ಕೇಳುತ್ತಾರೆ. ವಿಜ್ಞಾನವು ಹೇಳುವುದು ಪದಾರ್ಥ ಕೆಟ್ಟಿಲ್ಲವೆಂಬುದನ್ನು; ನಿಯಮವು ಹೇಳುವುದು ವ್ರತಿಯು ತನ್ನ ಭೋಗಕ್ಕೆ ಹಾಕಿಕೊಂಡ ಎಲ್ಲೆಯನ್ನು. ಒಂದು ಇನ್ನೊಂದನ್ನು ರದ್ದುಮಾಡುವುದಿಲ್ಲ. ಮರ್ಯಾದಿತ ಆಹಾರದ ನಿಯಮವುಳ್ಳವರಿಗೆ ಮುಚ್ಚಳ ಬಿಗಿಯಾಯಿತೆಂದು ಅವಧಿ ಬೆಳೆಯದು. ಮುನಿಗಳ ಆಹಾರದಾನಕ್ಕೂ ಪ್ರತಿಮಾಧಾರಿಗಳ ಭೋಜನಕ್ಕೂ ಅಂದಂದಿನ ಶುದ್ಧ ಅಡುಗೆಯೇ ಸಲ್ಲತಕ್ಕದ್ದು.

ಅಂಥ ನಿಯಮವಿಲ್ಲದ ಗೃಹಸ್ಥರು ಇದನ್ನು ಮಾಡುವುದಾದರೆ ಪ್ರತಿ ಬಾಟಲಿಯ ಮೇಲೂ ಪದಾರ್ಥದ ಹೆಸರನ್ನೂ ತಯಾರಿಸಿದ ದಿನಾಂಕವನ್ನೂ ಬರೆದು, ಬೇರೆ ಕಪಾಟಿನಲ್ಲಿಡಬೇಕು. ಒಂದು ವರ್ಷದೊಳಗೆ ಮುಗಿಸಬೇಕು. ಬಡಿಸುವಾಗ ತಿಳಿಸದೆ ಬಡಿಸಬಾರದು. ಅರಿಯದೆ ಉಂಡ ಅತಿಥಿಯ ನಿಯಮ ಮುರಿದರೆ, ಅದರ ಹೊಣೆ ಬಡಿಸಿದ ಕೈಯದು. ಸಂದೇಹವಿದ್ದವರು ತಮಗೆ ನಿಯಮವಿತ್ತ ಗುರುಗಳನ್ನು ಕೇಳಿ ನಡೆಯುವುದು ಲೇಸು.

ಮನನಕ್ಕೆ

1. ಕುದಿನೀರಿನ ಪದ್ಧತಿ ಹುಳಿ ಹಣ್ಣುಗಳಿಗೆ ಮಾತ್ರವೇ ಏಕೆ?
2. ಬಂಗಾರಪೇಟೆಯಲ್ಲಿ ಕುದಿಸುವ ಕಾಲವನ್ನು ಹೆಚ್ಚಿಸಬೇಕಾದ ಕಾರಣವೇನು?
3. ಪದಾರ್ಥವು ಕೆಡದಿರುವುದಕ್ಕೂ ಮರ್ಯಾದೆಯೊಳಗಿರುವುದಕ್ಕೂ ಇರುವ ಭೇದವನ್ನು ತಿಳಿಸಿ.