ಆಟಿಸಂ ಅಧ್ಯಯನಗಳೂ ನಮ್ಮ ಕುಟುಂಬಗಳೂ

ಪೋಷಕರ ಸಭೆಯೊಂದು ಮುಗಿದ ಮೇಲೆ ತಾಯಿಯೊಬ್ಬರು ಹಿಂದೆ ಉಳಿದು ನಮ್ಮನ್ನು ಕಂಡರು. ಅವರ ಕಿರಿಯ ಮಗನಿಗೆ ಐದು ವರ್ಷ ತುಂಬಿದ್ದರೂ ಮಾತು ಬಹಳ ಕಡಿಮೆ. ಹೆಸರು ಹಿಡಿದು ಕರೆದರೆ ತಿರುಗಿ ನೋಡುವುದು ಅಪರೂಪ. ಅಂಗಳದಲ್ಲಿ ಒಣಗಹಾಕಿದ ಕಾಫಿ ಬೀಜಗಳನ್ನು ಸಾಲಾಗಿ ಜೋಡಿಸುತ್ತ ಗಂಟೆಗಟ್ಟಲೆ ಕುಳಿತಿರುವುದೇ ಅವನಿಗೆ ಪ್ರಿಯವಾದ ಆಟ. ವೈದ್ಯರು ಪರೀಕ್ಷಿಸಿ, ಇದು ಆಟಿಸಂ ಎಂದು ತಿಳಿಸಿದ್ದರು. ಆ ತಾಯಿ ಒಂದು ಕಾಗದವನ್ನು ನಮ್ಮ ಮುಂದಿಟ್ಟು ಕೇಳಿದರು: “ಮಾಷ್ಟ್ರೇ, ಇವನನ್ನು ಒಂದು ಅಧ್ಯಯನಕ್ಕೆ ಸೇರಿಸಲು ಒಪ್ಪುತ್ತೀರಾ ಎಂದು ಕೇಳಿದ್ದಾರೆ. ನನ್ನ ಮಗನನ್ನು ನೋಡಿ ಅವರು ಏನೋ ಬರೆದುಕೊಳ್ಳುತ್ತಾರೆ. ಅದರಿಂದ ಇವನಿಗೇನು ಬಂತು?”

ಪ್ರಶ್ನೆ ನ್ಯಾಯವಾದದ್ದು. ಒಂದೇ ಮಾತಿನಲ್ಲಿ ಉತ್ತರಿಸತಕ್ಕದ್ದೂ ಅಲ್ಲ. ತೃಶ್ಶಿಲೇರಿಯ ಇತರ ಮನೆಗಳಿಗೂ ಇದು ಇಂದಲ್ಲ ನಾಳೆ ಬರಬಹುದಾದ ಪ್ರಶ್ನೆಯಾದುದರಿಂದ, ನಮಗೆ ತಿಳಿದಷ್ಟನ್ನು ಇಲ್ಲಿ ಕ್ರಮವಾಗಿ ಬರೆಯುತ್ತೇವೆ.

ಆಟಿಸಂ ಎಂದರೇನು?

ಆಟಿಸಂ ಅಂಟುರೋಗವಲ್ಲ, ಹುಚ್ಚೂ ಅಲ್ಲ, ಯಾರದೋ ಶಾಪವೂ ಅಲ್ಲ. ಮಿದುಳಿನ ಬೆಳವಣಿಗೆಯಲ್ಲಿ ಎಳವೆಯಿಂದಲೇ ಇರುವ ಒಂದು ಭಿನ್ನತೆ ಅದು. ಕನ್ನಡದಲ್ಲಿ ಇದನ್ನು ಸ್ವಲೀನತೆ ಎಂದು ಕರೆಯುವುದುಂಟು. ಇತರರೊಡನೆ ಬೆರೆಯುವುದರಲ್ಲಿಯೂ ಮಾತು ಸನ್ನೆಗಳನ್ನು ಬಳಸುವುದರಲ್ಲಿಯೂ ತೊಡಕು, ಮಾಡಿದ್ದನ್ನೇ ಮತ್ತೆ ಮತ್ತೆ ಮಾಡುವುದು, ಸದ್ದು ಬೆಳಕು ಸ್ಪರ್ಶಗಳನ್ನು ಅತಿಯಾಗಿಯೋ ಅತಿ ಕಡಿಮೆಯಾಗಿಯೋ ಅನುಭವಿಸುವುದು ಇದರ ಮುಖ್ಯ ಲಕ್ಷಣಗಳು. ಆದರೆ ಒಬ್ಬರಂತೆ ಇನ್ನೊಬ್ಬರಿರುವುದಿಲ್ಲ. ಕೆಲವರು ಜೀವಮಾನವೆಲ್ಲ ಮಾತನಾಡದಿರಬಹುದು, ಕೆಲವರು ಪಂಡಿತರಾಗಬಹುದು. ನಮ್ಮ ದೇಶದ 1999ರ ರಾಷ್ಟ್ರೀಯ ನ್ಯಾಸ ಕಾಯಿದೆಯೂ 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯೂ ಆಟಿಸಂ ಇರುವವರ ಹಕ್ಕುಗಳನ್ನು ಮಾನ್ಯಮಾಡಿವೆ.

ಹಿಂದಿನ ಕುಟುಂಬಗಳು ಕೊಟ್ಟುಹೋದುದು

ಇಷ್ಟು ತಿಳಿವಳಿಕೆ ನಮಗೆ ಎಲ್ಲಿಂದ ಬಂತು? ಅದರ ಮೊದಲ ಪುಟವನ್ನು ಬರೆದವನು ಒಬ್ಬ ತಂದೆ. ಅಮೆರಿಕದ ಮಿಸಿಸಿಪಿ ರಾಜ್ಯದ ಆ ಗೃಹಸ್ಥನು ತನ್ನ ಮಗ ಡೊನಾಲ್ಡನ ನಡೆನುಡಿಗಳನ್ನು ಕುರಿತು 33 ಪುಟಗಳ ಪತ್ರವನ್ನು ಲಿಯೋ ಕ್ಯಾನರ್ ಎಂಬ ವೈದ್ಯರಿಗೆ ಬರೆದನು. 1938ರಲ್ಲಿ ಹುಡುಗನನ್ನು ಕಂಡ ಕ್ಯಾನರ್, ಮುಂದೆ ಅಂತಹ 11 ಮಕ್ಕಳ ವಿವರಗಳನ್ನು ಕೂಡಿಸಿ 1943ರಲ್ಲಿ ಪ್ರಕಟಿಸಿದರು. ಆಟಿಸಂನ ಅಧ್ಯಯನ ಬೆಳೆದದ್ದು ಆ ಲೇಖನದಿಂದ. ಆ ಪಟ್ಟಿಯ ಮೊದಲ ಹುಡುಗನಾದ ಡೊನಾಲ್ಡ್ ಟ್ರಿಪ್ಲೆಟ್ ಬೆಳೆದು ದೊಡ್ಡವನಾಗಿ, ತನ್ನ ಊರಿನ ಬ್ಯಾಂಕಿನಲ್ಲಿ ದೀರ್ಘಕಾಲ ಕೆಲಸಮಾಡಿ, 2023ರಲ್ಲಿ ತನ್ನ 89ನೆಯ ವಯಸ್ಸಿನಲ್ಲಿ ತೀರಿಕೊಂಡನು. ಮನೆಯವರು ಕಂಡದ್ದನ್ನು ಕಂಡಂತೆ ಬರೆದಿಡದಿದ್ದರೆ ಈ ಶಾಸ್ತ್ರಕ್ಕೆ ಆರಂಭವೇ ಇರುತ್ತಿರಲಿಲ್ಲ.

ಆದರೆ ಮುಂದಿನ ದಾರಿ ನೇರವಾಗಿರಲಿಲ್ಲ. 1950 ಮತ್ತು 60ರ ದಶಕಗಳಲ್ಲಿ ಅನೇಕ ತಜ್ಞರು, ತಾಯಿಯ ಮನಸ್ಸಿನ ತಣ್ಣನೆಯ ಸ್ವಭಾವದಿಂದಲೇ ಮಗುವಿಗೆ ಆಟಿಸಂ ಬರುವುದೆಂದು ಹೇಳುತ್ತಿದ್ದರು. ಮಗುವಿನ ಕಷ್ಟದಿಂದಲೇ ಬೆಂದ ತಾಯಿಯ ತಲೆಯ ಮೇಲೆ ಅಪವಾದವನ್ನೂ ಹೊರಿಸಿದಂತಾಯಿತು. ಈ ಅಪವಾದವನ್ನು ಕಳೆದದ್ದು ಕೇವಲ ವಾದವಲ್ಲ, ಪ್ರಮಾಣ. 1964ರಲ್ಲಿ ಬರ್ನಾರ್ಡ್ ರಿಮ್ಲಂಡ್ ಎಂಬ ಮನಶ್ಶಾಸ್ತ್ರಜ್ಞರು, ಸ್ವತಃ ಇಂತಹ ಮಗುವಿನ ತಂದೆ, ಆ ಮತವನ್ನು ಖಂಡಿಸಿ ಗ್ರಂಥ ಬರೆದರು. 1977ರಲ್ಲಿ ಸೂಸನ್ ಫೋಲ್‌ಸ್ಟೀನ್ ಮತ್ತು ಮೈಕೇಲ್ ರಟ್ಟರ್ ಬ್ರಿಟನ್ನಿನಲ್ಲಿ 21 ಜೋಡಿ ಅವಳಿ ಮಕ್ಕಳನ್ನು ಪರೀಕ್ಷಿಸಿದರು. ಒಂದೇ ಅಂಡದಿಂದ ಹುಟ್ಟಿದ 11 ಜೋಡಿಗಳಲ್ಲಿ 4 ಜೋಡಿಗಳಲ್ಲಿ ಇಬ್ಬರಿಗೂ ಆಟಿಸಂ ಇತ್ತು. ಬೇರೆ ಬೇರೆ ಅಂಡಗಳಿಂದ ಹುಟ್ಟಿದ 10 ಜೋಡಿಗಳಲ್ಲಿ ಒಂದರಲ್ಲಿಯೂ ಹಾಗಿರಲಿಲ್ಲ. ಎರಡು ಬಗೆಯ ಅವಳಿಗಳನ್ನೂ ಸಾಕಿದವರು ತಾಯಂದಿರೇ. ಆದುದರಿಂದ ಮೂಲವು ಸಾಕಣೆಯಲ್ಲಿಲ್ಲ, ಬಹುಮಟ್ಟಿಗೆ ಹುಟ್ಟಿನಲ್ಲಿಯೇ ಇದೆ ಎಂದು ತೋರಿಬಂತು. ಆ 21 ಮನೆಗಳವರು ಬಾಗಿಲು ತೆರೆಯದಿದ್ದರೆ, ಇಂದೂ ನಮ್ಮ ಊರಿನ ತಾಯಿ “ನನ್ನಿಂದಲೇ ಹೀಗಾಯಿತೇ?” ಎಂದು ಕಣ್ಣೀರಿಡಬೇಕಾಗುತ್ತಿತ್ತು.

ಇನ್ನೊಂದು ಉದಾಹರಣೆ. 1998ರಲ್ಲಿ ಆಂಡ್ರ್ಯೂ ವೇಕ್‌ಫೀಲ್ಡ್ ಎಂಬ ವೈದ್ಯನು ಕೇವಲ 12 ಮಕ್ಕಳ ವಿಷಯ ಬರೆದು, ದಡಾರದ ಲಸಿಕೆಗೂ ಆಟಿಸಂಗೂ ಸಂಬಂಧವಿದೆಯೆಂಬ ಭೀತಿಯನ್ನು ಲೋಕದಲ್ಲಿ ಹರಡಿದನು. ಆ ಮಕ್ಕಳ ಮೇಲಿನ ಪರೀಕ್ಷೆಗಳೂ ನೀತಿಗೆ ಹೊರತಾಗಿದ್ದವೆಂದು ವಿಚಾರಣೆಯಲ್ಲಿ ಸಿದ್ಧವಾಯಿತು. 2010ರಲ್ಲಿ ಪತ್ರಿಕೆಯು ಆ ಲೇಖನವನ್ನು ಹಿಂದಕ್ಕೆ ಪಡೆಯಿತು. ಅವನ ಹೆಸರನ್ನು ವೈದ್ಯರ ಪಟ್ಟಿಯಿಂದ ತೆಗೆದುಹಾಕಲಾಯಿತು. ಡೆನ್ಮಾರ್ಕಿನಲ್ಲಿ 6,57,461 ಮಕ್ಕಳ ದಾಖಲೆಗಳನ್ನು ಪರಿಶೀಲಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನವು, ಆ ಲಸಿಕೆಯಿಂದ ಆಟಿಸಂ ಹೆಚ್ಚುವುದಿಲ್ಲವೆಂದು ತೋರಿಸಿತು. ಕೆಟ್ಟ ಅಧ್ಯಯನವು ಎಷ್ಟು ಹಾನಿ ಮಾಡಬಲ್ಲುದು, ಒಳ್ಳೆಯದು ಅದನ್ನು ಹೇಗೆ ತೊಡೆಯಬಲ್ಲುದು ಎಂಬ ಎರಡು ಪಾಠಗಳೂ ಇದರಲ್ಲಿವೆ.

ನಮ್ಮ ಸೀಮೆಯ ಮಕ್ಕಳು ಏಕೆ ಬೇಕು?

“ಎಲ್ಲೋ ಅಧ್ಯಯನ ನಡೆದಿದೆಯಲ್ಲ, ಅದು ಸಾಲದೇ?” ಎಂದು ಕೇಳಬಹುದು. ಸಾಲದು. ನಮ್ಮ ಬೆಟ್ಟಸೀಮೆಯ ಅನುಭವವೇ ಇದಕ್ಕೆ ಸಾಕ್ಷಿ. 1952ರಲ್ಲಿ ನೀಲಗಿರಿಯ ಗಿರಿಜನರು ರಕ್ತಪರೀಕ್ಷೆಗೆ ಒಪ್ಪಿದ್ದರಿಂದಲೇ, ಕುಡುಗೋಲು ಕಣದ ರಕ್ತಹೀನತೆ, ಅಂದರೆ ಸಿಕಲ್ ಸೆಲ್ ರೋಗದ ಅಂಶವು ಭಾರತದಲ್ಲಿಯೂ ಇದೆಯೆಂದು ಮೊದಲು ತಿಳಿಯಿತು. ವಯನಾಡಿನ ಎಷ್ಟೋ ಮನೆಗಳಿಗೆ ಇಂದು ಆ ರೋಗದ ಹೆಸರು ಗೊತ್ತು, ಪರೀಕ್ಷೆಯೂ ಗೊತ್ತು. ನೋಡದೆ ಇದ್ದ ಕಡೆ ರೋಗವಿಲ್ಲವೆಂದಲ್ಲ, ಲೆಕ್ಕವಿಲ್ಲವೆಂದಷ್ಟೆ.

ಆಟಿಸಂ ವಿಷಯದಲ್ಲಿಯೂ ಹಾಗೆಯೇ. 2018ರಲ್ಲಿ ಪ್ರಕಟವಾದ ಭಾರತದ ಒಂದು ದೊಡ್ಡ ಅಧ್ಯಯನದಲ್ಲಿ ಐದು ಪ್ರದೇಶಗಳ 3,964 ಮಕ್ಕಳನ್ನು ಪರೀಕ್ಷಿಸಿದರು. ದೃಷ್ಟಿ, ಶ್ರವಣ, ಮಾತು, ಬುದ್ಧಿ, ಕಲಿಕೆ, ಆಟಿಸಂ ಮುಂತಾದವುಗಳಲ್ಲಿ ಒಂದಾದರೂ ತೊಂದರೆ ಸುಮಾರು ಎಂಟು ಮಕ್ಕಳಲ್ಲಿ ಒಬ್ಬರಿಗೆ ಇದ್ದುದು ಕಂಡುಬಂತು. ಆ ಐದು ಪ್ರದೇಶಗಳು ಹರಿಯಾಣ, ಹಿಮಾಚಲ, ಒಡಿಶಾ, ಗೋವಾ ಮತ್ತು ಹೈದರಾಬಾದಿನವು. ಕೇರಳದ್ದಾಗಲಿ ಕರ್ನಾಟಕದ್ದಾಗಲಿ ಒಂದೂ ಇರಲಿಲ್ಲ. ವಂಶವಾಹಿಗಳ ಅಧ್ಯಯನದಲ್ಲಿ ಕೊರತೆ ಇನ್ನೂ ಹೆಚ್ಚು. 2020ರಲ್ಲಿ 35,584 ಜನರ ಮಾದರಿಗಳಿಂದ ಆಟಿಸಂಗೆ ಸಂಬಂಧಿಸಿದ 102 ಜೀನುಗಳನ್ನು ಗುರುತಿಸಿದರಾದರೂ, ಜಗತ್ತಿನ ಇಂತಹ ಸಂಗ್ರಹಗಳಲ್ಲಿ ಯೂರೋಪ್ ಮೂಲದವರೇ ಅಧಿಕ.

ಎಲ್ಲಕ್ಕಿಂತ ಮುಖ್ಯವಾದದ್ದು ಭಾಷೆ. ನಮ್ಮ ಮಗು ಮನೆಯಲ್ಲಿ ಕನ್ನಡ ಕೇಳುತ್ತದೆ, ಅಂಗಡಿಯಲ್ಲಿ ಮಲಯಾಳ ಕೇಳುತ್ತದೆ. ನೆರೆಯ ಅಡಿಯರ ಮಗು ರಾವುಳ ಮಾತಿನಲ್ಲಿ ಬೆಳೆಯುತ್ತದೆ. ಪರೀಕ್ಷಕರು ಮಲಯಾಳದಲ್ಲಿಯೋ ಇಂಗ್ಲಿಷಿನಲ್ಲಿಯೋ ಕೇಳಿದ ಪ್ರಶ್ನೆಗೆ ಮಗು ಸುಮ್ಮನಿದ್ದರೆ, ಅದು ಆಟಿಸಂನ ಮೌನವೋ ಭಾಷೆ ತಿಳಿಯದ ಮೌನವೋ? ಇದನ್ನು ಬೇರ್ಪಡಿಸಬೇಕಾದರೆ ಮಗುವಿನ ಸ್ವಂತ ಮಾತಿನಲ್ಲಿ ಅಳತೆಗೋಲು ಬೇಕು. ಆ ಭಾಷೆಯ ನೂರಾರು ಮಕ್ಕಳು, ತೊಂದರೆ ಇರುವವರೂ ಇಲ್ಲದವರೂ, ಉತ್ತರ ಕೊಟ್ಟ ಮೇಲೆಯೇ ಅಂತಹ ಅಳತೆಗೋಲು ಸಿದ್ಧವಾಗುತ್ತದೆ. 1965ರಲ್ಲಿ ಆರಂಭವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಕನ್ನಡದಲ್ಲಿ ಇಂತಹ ಕೆಲಸ ಮಾಡುತ್ತ ಬಂದಿದೆ. 1991ರಲ್ಲಿ ತಿರುವನಂತಪುರದ ತಜ್ಞರು ಎರಡು ವರ್ಷದೊಳಗಿನ ಶಿಶುಗಳ ಬೆಳವಣಿಗೆಯನ್ನು ಅಳೆಯಲು 17 ಅಂಶಗಳ ಸರಳ ಪಟ್ಟಿಯೊಂದನ್ನು ಸಿದ್ಧಪಡಿಸಿದರು. ಇವೆಲ್ಲದರ ಹಿಂದೆ ಹೆಸರು ಬರೆಯದ ಎಷ್ಟೋ ಮನೆಗಳ ಮಕ್ಕಳಿದ್ದಾರೆ.

ಅಧ್ಯಯನದಲ್ಲಿ ನಡೆಯುವುದೇನು?

ಅಧ್ಯಯನವೆಂದರೆ ಸೂಜಿ, ಔಷಧಿ ಎಂದು ಹೆದರುವವರುಂಟು. ಹಲವು ಅಧ್ಯಯನಗಳಲ್ಲಿ ನಡೆಯುವುದು ತಂದೆತಾಯಿಗಳೊಡನೆ ಮಾತುಕತೆ, ಮಗು ಆಡುವುದನ್ನು ನೋಡುವುದು, ಚಿತ್ರ ತೋರಿಸಿ ಪ್ರಶ್ನೆ ಕೇಳುವುದು. ಕೆಲವದರಲ್ಲಿ ಉಗುಳಿನದೋ ರಕ್ತದ್ದೋ ಮಾದರಿ ಕೇಳಬಹುದು. ಆರೋಗ್ಯವಾಗಿರುವ ಅಣ್ಣ ತಂಗಿಯರನ್ನೂ ನೋಡಬೇಕೆಂದರೆ ಆಶ್ಚರ್ಯಪಡಬೇಕಾಗಿಲ್ಲ. ಸೊರಗಿದ ಮೆಣಸಿನ ಬಳ್ಳಿಯ ಕಾರಣ ತಿಳಿಯಲು ಪಕ್ಕದ ಹಸುರು ಬಳ್ಳಿಯ ಬುಡವನ್ನೂ ನೋಡುತ್ತೇವಲ್ಲವೇ?

ಚಿಕಿತ್ಸೆಯ ಅಧ್ಯಯನದ ರೀತಿ ಬೇರೆ. ಗೋವಾದಲ್ಲಿಯೂ ಪಾಕಿಸ್ತಾನದ ರಾವಲ್ಪಿಂಡಿಯಲ್ಲಿಯೂ 2ರಿಂದ 9 ವರ್ಷದ 65 ಮಕ್ಕಳ ಕುಟುಂಬಗಳೊಡನೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನವನ್ನು ನೋಡೋಣ. ಚೀಟಿ ಎತ್ತಿದಂತೆ ಕುಟುಂಬಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿನ ತಂದೆತಾಯಿಗಳು ಮಗುವಿನೊಡನೆ ಆಡುವುದನ್ನು ಚಿತ್ರೀಕರಿಸಿ, ಅದನ್ನೇ ಅವರಿಗೆ ತೋರಿಸಿ, ಮಗುವಿನ ಸಣ್ಣ ಸನ್ನೆಗೆ ಹೇಗೆ ಓಗೊಡಬೇಕೆಂದು ಕಲಿಸಿದರು. ಕಲಿಸಿದವರು ದೊಡ್ಡ ವೈದ್ಯರಲ್ಲ, ತರಬೇತಿ ಪಡೆದ ಸಾಮಾನ್ಯ ಕಾರ್ಯಕರ್ತರು. ಆ ತಂದೆತಾಯಿಗಳ ಸ್ಪಂದನ ಹೆಚ್ಚಿತು. ಮಕ್ಕಳು ತಾವಾಗಿ ಸಂಪರ್ಕಕ್ಕೆ ಬರುವುದೂ ಹೆಚ್ಚಿತು. ಎಲ್ಲ ಅಂಶಗಳಲ್ಲಿಯೂ ಪ್ರಗತಿಯಾಗಲಿಲ್ಲ. ಅದನ್ನೂ ಮರೆಮಾಚದೆ ಬರೆದರು. ತಜ್ಞರು ದೂರವಿರುವ ನಮ್ಮಂತಹ ಊರುಗಳಿಗೆ ಇದರಿಂದ ಎಷ್ಟು ಆಶೆಯುಂಟೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಒಂದು ಮಾತನ್ನು ಮುಚ್ಚಿಡಬಾರದು. ಚೀಟಿಯಲ್ಲಿ ನಮ್ಮ ಮಗು ಹೊಸ ಚಿಕಿತ್ಸೆಯ ಗುಂಪಿಗೆ ಬಾರದೆ ಹೋಗಬಹುದು. ಬಂದರೂ ಫಲ ಸಿಗದಿರಬಹುದು. ಆ ತಾಯಿಯ ಪ್ರಶ್ನೆಗೆ ನೇರವಾದ ಉತ್ತರ ಇದು: ಅಧ್ಯಯನದಿಂದ ನಿಮ್ಮ ಮಗನಿಗೆ ಲಾಭವಾಗಬಹುದು, ಆಗದಿರಬಹುದು, ಅವನ ಹಿಂದೆ ಬರುವ ಮಕ್ಕಳಿಗೆ ಲಾಭವಾಗುವ ಸಂಭವ ಹೆಚ್ಚು. ನೀವು ಇಂದು ನಿರಪರಾಧಿಯೆಂದು ತಲೆಯೆತ್ತಿ ನಿಂತಿರುವುದು, ಹಿಂದೆ ಯಾರೋ ಹಾಗೆ ಕೊಟ್ಟದ್ದರ ಫಲ.

ಒಪ್ಪುವ ಮೊದಲು ಕೇಳತಕ್ಕ ಪ್ರಶ್ನೆಗಳು

ಕೊಡುವುದು ದಾನ, ಕಂದಾಯವಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯಂತೆ, ಪೋಷಕರು ವಿಷಯವನ್ನು ತಿಳಿದು ಸಮ್ಮತಿಸಬೇಕು. ಏಳು ವರ್ಷ ದಾಟಿದ ಮಗುವಿನ ಒಪ್ಪಿಗೆಯನ್ನೂ ಅದರ ತಿಳಿವಳಿಕೆಗೆ ತಕ್ಕಂತೆ ಕೇಳಬೇಕು. ಆದುದರಿಂದ ಸಹಿ ಹಾಕುವ ಮೊದಲು ಹೀಗೆ ಕೇಳಿರಿ:

1. ಈ ಅಧ್ಯಯನಕ್ಕೆ ನೈತಿಕತಾ ಸಮಿತಿಯ ಅನುಮತಿ ಇದೆಯೇ?
2. ಸಮ್ಮತಿಪತ್ರವು ನಮಗೆ ತಿಳಿಯುವ ಭಾಷೆಯಲ್ಲಿದೆಯೇ? ಓದಲು ಬಾರದವರಿಗೆ ಸಾಕ್ಷಿಯ ಮುಂದೆ ಓದಿಹೇಳುವಿರಾ?
3. ಮಗುವಿಗೆ ಏನೇನು ಮಾಡುವಿರಿ? ನೋವು, ಅಪಾಯ, ಆಯಾಸ ಎಷ್ಟು?
4. ಹೆಸರು, ಭಾವಚಿತ್ರ, ಮಾದರಿಗಳನ್ನು ಎಲ್ಲಿ, ಎಷ್ಟು ಕಾಲ ಇಡುವಿರಿ? ಯಾರು ನೋಡಬಹುದು?
5. ಪ್ರಯಾಣದ ಖರ್ಚು ಯಾರದು? ಹಾನಿಯಾದರೆ ಹೊಣೆ ಯಾರದು?
6. ನಡುವೆ ಬಿಟ್ಟುಬಂದರೆ ಈಗ ದೊರೆಯುವ ಚಿಕಿತ್ಸೆ ನಿಲ್ಲುವುದೇ?
7. ಕೊನೆಗೆ ತಿಳಿದುಬಂದದ್ದನ್ನು ನಮಗೂ ಹೇಳುವಿರಾ?

ಆರನೆಯ ಪ್ರಶ್ನೆಗೆ “ಇಲ್ಲ” ಎಂಬುದೊಂದೇ ಸರಿಯಾದ ಉತ್ತರ. ಯಾವ ಕಾರಣವನ್ನೂ ಹೇಳದೆ ಹೊರಬರುವ ಹಕ್ಕು ನಿಮ್ಮದು. ಹಣ ಕೇಳುವವರನ್ನೂ, ಖಂಡಿತ ಗುಣಪಡಿಸುವೆವೆಂದು ಮಾತುಕೊಡುವವರನ್ನೂ, “ಈಗಲೇ ಸಹಿ ಹಾಕಿ” ಎಂದು ಅವಸರಪಡಿಸುವವರನ್ನೂ ದೂರವಿಡಿರಿ. ಮಾತು ಬಾರದ ಮಗು ಕೈ ಕೊಸರಿಕೊಂಡು ಅಳುವುದೂ ಒಂದು ಉತ್ತರವೆಂಬುದನ್ನು ಮರೆಯಬೇಡಿರಿ.

ವಿದ್ಯಾರ್ಥಿಗಳಿಗೆ ಒಂದು ಮಾತು

ಮಕ್ಕಳೇ, ನಿಮ್ಮ ತರಗತಿಯಲ್ಲಿ ಗಂಟೆಯ ಸದ್ದಿಗೆ ಕಿವಿ ಮುಚ್ಚಿಕೊಳ್ಳುವ, ಒಬ್ಬನೇ ಆಡುವ ಸಹಪಾಠಿ ಇರಬಹುದು. ಅವನನ್ನು ಅಣಕಿಸಬೇಡಿ. ಅವನ ಮನೆಯವರು ಯಾವುದಾದರೂ ಅಧ್ಯಯನಕ್ಕೆ ಸೇರಿದ್ದಾರೆಂದು ತಿಳಿದರೆ ಊರೆಲ್ಲ ಹೇಳಬೇಡಿ. ಅವನೊಡನೆ ಆಡುವುದನ್ನು ಕಲಿಯಿರಿ. ಅದಕ್ಕೆ ಯಾವ ಸಮಿತಿಯ ಅನುಮತಿಯೂ ಬೇಕಾಗಿಲ್ಲ.

ತಿರುನೆಲ್ಲಿಗೆ ಪಿತೃಕಾರ್ಯಕ್ಕೆ ಹೊರಟವರು ಮೊದಲು ತೃಶ್ಶಿಲೇರಿಯ ಮಹಾದೇವನ ದರ್ಶನ ಮಾಡುವುದು ಇಲ್ಲಿನ ವಾಡಿಕೆ. ಹಿರಿಯರಿಂದ ಪಡೆದದ್ದನ್ನು ನೆನೆಯುವ ಊರು ನಮ್ಮದು. ಮುಂದೆ ಬರುವ ಮಕ್ಕಳಿಗೆ ಏನಾದರೂ ಉಳಿಸಿಹೋಗುವುದೂ ಅದೇ ಋಣದ ಇನ್ನೊಂದು ಮುಖವೆಂದು ನಾವು ಭಾವಿಸುತ್ತೇವೆ.

ಆ ತಾಯಿ ನಮ್ಮಿಂದ ಏಳು ಪ್ರಶ್ನೆಗಳನ್ನೂ ಬರೆಸಿಕೊಂಡು, ಕಾಗದವನ್ನು ಮಡಿಸಿ, ಮಗನ ಕೈಹಿಡಿದು ಮನೆಗೆ ನಡೆದರು. ಅವರು ಒಪ್ಪಿದರೋ ಇಲ್ಲವೋ ಎಂಬುದನ್ನು ನಾವು ಬರೆಯುವುದಿಲ್ಲ. ಅದು ಅವರ ಮನೆಯ ಮಾತು.